ಪಕ್ಕದ ಸಾಲಿನಲ್ಲಿ ಯಾರಿದ್ದಾರೆ?



ವೈದ್ಯವಿಜ್ಞಾನದ ಒಂದು ವಿಚಾರವನ್ನು ವೈದ್ಯರಲ್ಲದವರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ನಾನು ಒಂದು ಪ್ರಶ್ನೆಯನ್ನು ಆರಿಸಿಕೊಂಡಿದ್ದೇನೆ. ಒಂದು ರೋಗಲಕ್ಷಣ, ಒಂದು ಅಭ್ಯಾಸ ಅಥವಾ ಒಂದು ಬಗೆಯ ಸಾವು ಒಂದು ಗುಂಪಿನ ಜನರಲ್ಲಿ ಎಷ್ಟು ಸಲ ಕಾಣುತ್ತದೆ, ಇನ್ನೊಂದು ಗುಂಪಿನಲ್ಲಿ ಎಷ್ಟು ಸಲ ಕಾಣುತ್ತದೆ ಎಂದು ಹೋಲಿಸುವುದು ಹೇಗೆ? ಕೇಳುವುದಕ್ಕೆ ಶಾಲೆಯ ಲೆಕ್ಕದಂತಿದೆ. ಈ ಲೆಕ್ಕ ತಪ್ಪಿದಾಗ ಇಡೀ ಜಿಲ್ಲೆಯೇ ಹೆದರಿ ಕೂತದ್ದನ್ನು ನಾವು ನೋಡಿದ್ದೇವೆ. ಸರಿಯಾಗಿ ಮಾಡಿದಾಗ ಲಕ್ಷಾಂತರ ಜೀವ ಉಳಿದದ್ದೂ ಉಂಟು. ಮಾತನ್ನು ಹೆಚ್ಚಾಗಿ ಹೃದಯದ ಕಾಯಿಲೆಯ ಸುತ್ತಲೇ ಇಟ್ಟುಕೊಳ್ಳುತ್ತೇನೆ. ನಮ್ಮ ರಾಜ್ಯದಲ್ಲಿ ಜನ ಈಗ ಅತಿ ಹೆಚ್ಚು ಭಯಪಡುತ್ತಿರುವುದು ಅದಕ್ಕೇ.

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಸುದ್ದಿ ಎಲ್ಲರ ಮನೆಯ ಮಾತಾಗಿತ್ತು. ನಲವತ್ತು ದಿನಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರು, ಅವರಲ್ಲಿ ಹಲವರು ಚಿಕ್ಕ ವಯಸ್ಸಿನವರು ಎಂಬ ಸುದ್ದಿ ಅದು. ಟಿ.ವಿ. ವಾಹಿನಿಗಳಲ್ಲಿ ದಿನ ಬೆಳಗಾದರೆ ಸಂಖ್ಯೆ ಒಂದೊಂದಾಗಿ ಏರುತ್ತಿತ್ತು. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿ ನಿಂತರು. ಕೋವಿಡ್ ಲಸಿಕೆಯೇ ಕಾರಣ ಎಂದರು ಕೆಲವರು. ಕೆಲಸದ ಒತ್ತಡ, ಹೋಟೆಲ್ ಊಟ ಎಂದರು ಇನ್ನು ಕೆಲವರು. ಸತ್ತವರಲ್ಲಿ ಆಟೊ, ಕಾರು ಚಾಲಕರು ಇದ್ದದ್ದರಿಂದ ಆ ವೃತ್ತಿಯ ಮೇಲೂ ಸಂಶಯ ಹೊರಳಿತು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಹೃದಯಾಘಾತದ ಸಾವುಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ ಎಂದು ವರದಿ ಹೇಳಿತು. ವರದಿ ಬರುವ ಹೊತ್ತಿಗೆ ಭಯ ಊರೂರು ಸುತ್ತಿ ಮುಗಿದಿತ್ತು.

ಆ ದಿನಗಳಲ್ಲಿ ನನ್ನನ್ನು ಕಾಡಿದ್ದು ಇಷ್ಟು: ಇಪ್ಪತ್ತು ಎಂಬ ಸಂಖ್ಯೆಯ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಸಂಖ್ಯೆಯನ್ನು ಯಾರೂ ಕೇಳಲಿಲ್ಲ. ಆ ಲೆಕ್ಕವನ್ನು ಈಗ ಮಾಡಿ ನೋಡೋಣ. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ನಮ್ಮ ದೇಶದಲ್ಲಿ ಸಾವಿರ ಜನರಿಗೆ ವರ್ಷಕ್ಕೆ ಆರು, ಆರೂವರೆ ಸಾವು ಆಗುತ್ತವೆ. ಆರು ಎಂದೇ ಹಿಡಿದರೂ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸಾವು, ನಲವತ್ತು ದಿನಕ್ಕೆ ಸಾವಿರದ ನೂರಕ್ಕೂ ಹೆಚ್ಚು. ದೇಶದ ಒಟ್ಟು ಸಾವುಗಳಲ್ಲಿ ಪಾರ್ಶ್ವವಾಯುವೂ ಸೇರಿದಂತೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳ ಪಾಲು ನಾಲ್ಕನೇ ಒಂದಕ್ಕಿಂತ ಹೆಚ್ಚು. ಅಂದರೆ ಯಾವ ವಿಶೇಷವೂ ಇಲ್ಲದ, ಯಾವ ವಾಹಿನಿಯೂ ಗಮನಿಸದ ನಲವತ್ತು ದಿನಗಳಲ್ಲೂ ಆ ಜಿಲ್ಲೆಯಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಮನೆಗಳಲ್ಲಿ ಈ ಬಗೆಯ ಸಾವು ಆಗುತ್ತಲೇ ಇರುತ್ತದೆ. ಇದು ಅಂದಾಜು, ನಿಜ. ಆದರೂ ಇಪ್ಪತ್ತರ ಪಕ್ಕದಲ್ಲಿ ಇನ್ನೂರೈವತ್ತನ್ನು ಇಟ್ಟಾಗ ಪ್ರಶ್ನೆಯೇ ಬದಲಾಗುತ್ತದೆ. ‘ಇಷ್ಟೊಂದು ಜನ ಏಕೆ ಸತ್ತರು’ ಎಂಬ ಪ್ರಶ್ನೆಯ ಜಾಗದಲ್ಲಿ ‘ಇವರಲ್ಲಿ ಚಿಕ್ಕವರೆಷ್ಟು, ಹೋದ ವರ್ಷ ಇದೇ ತಿಂಗಳಲ್ಲಿ ಚಿಕ್ಕವರೆಷ್ಟು, ಪಕ್ಕದ ಜಿಲ್ಲೆಯಲ್ಲಿ ಎಷ್ಟು’ ಎಂಬ ಪ್ರಶ್ನೆ ಬರುತ್ತದೆ. ಚಾಲಕರ ಮಾತೂ ಹಾಗೆಯೇ. ಸತ್ತ ನಡುವಯಸ್ಸಿನ ಗಂಡಸರಲ್ಲಿ ಐದರಲ್ಲೊಬ್ಬರು ಚಾಲಕರು ಎಂದಾದರೆ, ಬದುಕಿರುವ ಅದೇ ವಯಸ್ಸಿನ ಗಂಡಸರಲ್ಲಿ ಎಷ್ಟು ಮಂದಿ ಚಾಲಕರು? ಅಲ್ಲೂ ಐದರಲ್ಲೊಬ್ಬರಾದರೆ ಸ್ಟಿಯರಿಂಗ್ ಹಿಡಿಯುವುದರಿಂದ ಹೃದಯಕ್ಕೆ ಕುತ್ತು ಎನ್ನಲು ಆಧಾರ ಉಳಿಯುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಈ ಲೆಕ್ಕ ಏನೂ ಸಮಾಧಾನ ಕೊಡುವುದಿಲ್ಲ; ಕೊಡಬೇಕೆಂದು ನಾನು ಹೇಳುತ್ತಲೂ ಇಲ್ಲ. ಅವಳ ಇನ್ನೊಬ್ಬ ಮಗನನ್ನು ಉಳಿಸಿಕೊಳ್ಳಬೇಕಾದರೆ ಮಾತ್ರ ಈ ಲೆಕ್ಕ ಬೇಕೇ ಬೇಕು.

ರೋಗಿಗಳನ್ನು ಎಣಿಸಬೇಕು ಎಂಬ ಹಟ ವೈದ್ಯಶಾಸ್ತ್ರಕ್ಕೆ ತಡವಾಗಿ ಬಂತು. ‘ಹೆಚ್ಚಾಗಿ’, ‘ಕೆಲವೊಮ್ಮೆ’, ‘ಅಪರೂಪಕ್ಕೆ’ ಎಂಬ ಮಾತುಗಳಲ್ಲೇ ಶತಮಾನಗಳು ಕಳೆದವು. ಪ್ಯಾರಿಸ್‌ನ ವೈದ್ಯ ಪಿಯೆರ್ ಲೂಯಿ 1835ರಲ್ಲಿ ನ್ಯುಮೋನಿಯಾ ರೋಗಿಗಳ ಲೆಕ್ಕವನ್ನು ಪುಸ್ತಕವಾಗಿ ತಂದ. ಆಗ ಜ್ವರಕ್ಕೂ ಉರಿಯೂತಕ್ಕೂ ರಕ್ತ ತೆಗೆಯುವುದೇ ಮದ್ದು. ಅವನ 77 ರೋಗಿಗಳಲ್ಲಿ ಕಾಯಿಲೆ ಶುರುವಾದ ಮೊದಲ ನಾಲ್ಕು ದಿನಗಳೊಳಗೆ ರಕ್ತ ತೆಗೆಸಿಕೊಂಡವರು 41 ಮಂದಿ, ಅವರಲ್ಲಿ 18 ಸಾವು. ಆಮೇಲೆ ತೆಗೆಸಿಕೊಂಡವರು 36, ಅವರಲ್ಲಿ 9 ಸಾವು. ಶೇ. 44ಕ್ಕೆ ಎದುರಾಗಿ ಶೇ. 25. ರಕ್ತ ತೆಗೆಯುವುದು ಹೇಳುವಷ್ಟು ಉಪಕಾರಿಯಲ್ಲ ಎಂದು ಅಂಕಿಗಳಲ್ಲಿ ತೋರಿಸಿದ ಕೆಲಸವಿದು, ದೊಡ್ಡ ಕೆಲಸ. ಆದರೂ ಈ ಎರಡು ಸಾಲುಗಳನ್ನು ಇನ್ನೊಮ್ಮೆ ನೋಡಿ. ಐದನೆಯ ದಿನದ ಮೇಲೆ ರಕ್ತ ತೆಗೆಸಿಕೊಳ್ಳಬೇಕಾದರೆ ಮೊದಲು ನಾಲ್ಕು ದಿನ ಬದುಕಿರಬೇಕು! ಬಿರುಸಾದ ಕಾಯಿಲೆಯಿಂದ ಎರಡನೆಯ ದಿನವೇ ತೀರಿಕೊಂಡವನು ತಡದ ಗುಂಪಿಗೆ ಸೇರುವುದು ಸಾಧ್ಯವೇ ಇಲ್ಲ. ಎರಡನೆಯ ಸಾಲಿನಲ್ಲಿ ಗಟ್ಟಿಗರೇ ಉಳಿದಿದ್ದಾರೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು: ರಕ್ತವನ್ನೇ ತೆಗೆಸಿಕೊಳ್ಳದವರ ಸಾಲು ಅಲ್ಲಿ ಇರಲಿಲ್ಲ.

ಆ ಇಲ್ಲದ ಸಾಲನ್ನು ಹುಡುಕಿ ತರುವುದೇ ಮುಂದಿನ ನೂರು ವರ್ಷಗಳ ಕಥೆ. ಅದರಲ್ಲಿ ಒಂದು ಅಧ್ಯಾಯವನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳ ಮುಂದಿಡುತ್ತೇನೆ. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ವಿಚಾರಿಸಿದರು. ಒಬ್ಬೊಬ್ಬರಿಗೂ ಜೊತೆಯಾಗಿ ಅದೇ ವಯಸ್ಸಿನ, ಅದೇ ಲಿಂಗದ, ಬೇರೆ ಕಾಯಿಲೆಗೆ ಸೇರಿದ ಒಬ್ಬ ರೋಗಿಯನ್ನು ಆರಿಸಿದರು. 1950ರಲ್ಲಿ ಫಲಿತಾಂಶ ಹೊರಬಂತು. ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ 647 ಮಂದಿ ಧೂಮಪಾನಿಗಳು. ಕ್ಯಾನ್ಸರ್ ಇಲ್ಲದ 649 ಗಂಡಸರಲ್ಲಿ 622 ಮಂದಿ ಧೂಮಪಾನಿಗಳು. ಶೇ. 99.7, ಶೇ. 95.8. ಅವಸರದಲ್ಲಿ ನೋಡಿದವರು ‘ಎರಡೂ ಕಡೆ ಎಲ್ಲರೂ ಸೇದುವವರೇ, ವ್ಯತ್ಯಾಸವೆಲ್ಲಿ’ ಎಂದು ಹಾಳೆ ಮಗುಚಿಬಿಡುತ್ತಿದ್ದರು. ಅದೇ ಲೆಕ್ಕವನ್ನು ಆ ಕಡೆಯಿಂದ ನೋಡಿ: ಸೇದದವರು ಒಂದು ಸಾಲಿನಲ್ಲಿ 2, ಇನ್ನೊಂದರಲ್ಲಿ 27. ಇಲ್ಲಿಂದ ಹೊರಡುವ ಅನುಪಾತ ಸುಮಾರು ಹದಿನಾಲ್ಕು ಪಟ್ಟು. ಎಲ್ಲರೂ ಮಾಡುವ ಅಭ್ಯಾಸದಲ್ಲಿ ಅಪಾಯ ಅಡಗಿದ್ದರೆ ಅದನ್ನು ಮಾಡದ ಬೆರಳೆಣಿಕೆಯ ಮಂದಿಯನ್ನು ಹುಡುಕಿ ಎಣಿಸಬೇಕು ಎಂಬುದನ್ನು ಆ ಕೋಷ್ಟಕದಷ್ಟು ಚೆನ್ನಾಗಿ ತೋರಿಸಿದ ಇನ್ನೊಂದನ್ನು ನಾನು ಕಂಡಿಲ್ಲ.

ಡಾಲ್ ಮತ್ತು ಹಿಲ್ ಆರಿಸಿದ ಎರಡನೆಯ ಸಾಲಿನಲ್ಲಿ ಒಂದು ಕೊರತೆ ಇತ್ತು. ಅದು ಅವರ ತೀರ್ಮಾನವನ್ನು ದುರ್ಬಲಗೊಳಿಸಲಿಲ್ಲ, ಅಂತರವನ್ನು ಕುಗ್ಗಿಸಿ ತೋರಿಸಿತು. ಆ ಸಾಲಿನವರೂ ಆಸ್ಪತ್ರೆಯಲ್ಲಿದ್ದವರೇ ತಾನೆ. ಹೃದಯ, ಹೊಟ್ಟೆ, ಶ್ವಾಸನಾಳದ ಅನೇಕ ಕಾಯಿಲೆಗಳಿಗೂ ಸಿಗರೇಟು ಕಾರಣ ಎಂದು ಜಗತ್ತು ತಿಳಿದದ್ದು ಆಮೇಲೆ. ಬೀದಿಯಲ್ಲಿ ಓಡಾಡುವ ಆರೋಗ್ಯವಂತರನ್ನು ಆ ಸಾಲಿನಲ್ಲಿ ನಿಲ್ಲಿಸಿದ್ದರೆ ಅಂತರ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು.

ಸಂಖ್ಯೆ ದೊಡ್ಡದಿದ್ದರೆ ಮಾತ್ರ ಸತ್ಯ ಸಿಗುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿದೆ. ಬಾಸ್ಟನ್ ನಗರದಲ್ಲಿ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಎಂಟು ಹೆಣ್ಣುಮಕ್ಕಳಿಗೆ ಯೋನಿಯ ಒಂದು ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಿತು. ಅಲ್ಲಿನ ವೈದ್ಯ ಹರ್ಬ್‌ಸ್ಟ್ ಮತ್ತು ಸಂಗಡಿಗರು ಪ್ರತಿ ಹುಡುಗಿಗೆ ನಾಲ್ವರಂತೆ 32 ಹುಡುಗಿಯರನ್ನು ಹೋಲಿಕೆಗೆ ಆರಿಸಿ, ಎಲ್ಲರ ತಾಯಂದಿರನ್ನೂ ವಿಚಾರಿಸಿದರು. ಎಂಟರಲ್ಲಿ ಏಳು ತಾಯಂದಿರು ಬಸುರಿಯಾಗಿದ್ದಾಗ ಸ್ಟಿಲ್‌ಬೆಸ್ಟ್ರಾಲ್ ಎಂಬ ಹಾರ್ಮೋನ್ ಮಾತ್ರೆ ತೆಗೆದುಕೊಂಡಿದ್ದರು. ಮೂವತ್ತೆರಡರಲ್ಲಿ ಒಬ್ಬರೂ ಇಲ್ಲ. 1971ರಲ್ಲಿ ಈ ವರದಿ ಬಂದ ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಗರ್ಭಿಣಿಯರಿಗೆ ಆ ಮಾತ್ರೆ ಕೊಡಬಾರದೆಂದು ಎಚ್ಚರಿಸಿತು. ನಲವತ್ತು ಮಂದಿಯ ಲೆಕ್ಕ ಅಷ್ಟು ಮಾಡಿತು, ಯಾಕೆಂದರೆ ಎರಡನೆಯ ಸಾಲನ್ನು ಎಚ್ಚರದಿಂದ ಕಟ್ಟಿದ್ದರು.

ಈಗ ನಮ್ಮ ಕಡೆಗೆ ಬರುತ್ತೇನೆ. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಹೃದ್ರೋಗದ ಎರಡು ಅಧ್ಯಯನಗಳು ಬಂದವು. ಒಂದು ಬೆಂಗಳೂರಿನದು, ಒಂದು ಮೈಸೂರಿನದು. ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಇವೆರಡನ್ನೂ ಮೊದಲ ವರ್ಷದಲ್ಲೇ ಓದಿಸಬೇಕು ಎಂಬುದು ನನ್ನ ಬಹುದಿನದ ಆಸೆ.

ಬೆಂಗಳೂರಿನದು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರ ಕೆಲಸ. ಮೊದಲ ಬಾರಿ ಹೃದಯಾಘಾತವಾದ 200 ಮಂದಿ, ಅವರಿಗೆ ವಯಸ್ಸು, ಲಿಂಗದಲ್ಲಿ ಹೊಂದುವ 200 ಮಂದಿ. ಅತಿ ಬಲವಾಗಿ ಎದ್ದು ಕಂಡ ಕಾರಣ ಸಿಗರೇಟು ಅಥವಾ ಬೀಡಿ. ಸೇದುವವರಲ್ಲಿ ಹೃದಯಾಘಾತದ ಸಾಧ್ಯತೆ ಮೂರೂವರೆ ಪಟ್ಟಿಗಿಂತ ಹೆಚ್ಚು; ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಲ್ಲಿ ಇನ್ನೂ ಹೆಚ್ಚು. ಬೀಡಿಯನ್ನು ಲೆಕ್ಕಕ್ಕೆ ತಂದದ್ದು ಬಹಳ ಮುಖ್ಯ. ಲಂಡನ್ನಿನ ಪ್ರಶ್ನಾವಳಿಯಲ್ಲಿ ಬೀಡಿಗೆ ಜಾಗವಿರಲಿಲ್ಲ. ಬೇರೆ ದೇಶದ ಪ್ರಶ್ನಾವಳಿಯನ್ನು ಹಾಗೇ ತಂದು ಕೇಳಿದ್ದರೆ ಕೂಲಿಯ ಕೆಲಸದ ಮನುಷ್ಯ ‘ಸಿಗರೇಟು ಸೇದಲ್ಲ ಸಾರ್’ ಎಂದು ನಿಜವನ್ನೇ ಹೇಳುತ್ತಿದ್ದ, ಸೇದದವರ ಸಾಲಿಗೆ ಸೇರಿಬಿಡುತ್ತಿದ್ದ.

ಮೈಸೂರಿನದು ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಹೆರಿಗೆ ದಾಖಲೆಗಳಿಂದ ಹುಟ್ಟಿದ ಕೆಲಸ. ಆ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಬರೆದ ದಾದಿಯರಿಗೆ ಅದು ಮುಂದೆ ಯಾವ ಕೆಲಸಕ್ಕೆ ಬಂದೀತು ಎಂಬ ಊಹೆಯೂ ಇರಲಾರದು. ಆ ಶಿಸ್ತಿಗೆ ನಾನು ತಲೆಬಾಗುತ್ತೇನೆ. ದಶಕಗಳ ನಂತರ ಸಂಶೋಧಕರು ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಆ ಮಕ್ಕಳನ್ನು ಹುಡುಕಿದರು. ಅಷ್ಟರಲ್ಲಿ ಅವರಿಗೆ ನಲವತ್ತು, ಐವತ್ತು, ಅರವತ್ತು ವಯಸ್ಸು. ಸಿಕ್ಕ 517 ಮಂದಿಯನ್ನು ಪರೀಕ್ಷಿಸಿದಾಗ, ಹುಟ್ಟುವಾಗ ಐದೂವರೆ ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯ ಧಮನಿಯ ಕಾಯಿಲೆ, ಏಳು ಪೌಂಡ್ ಮೇಲಿದ್ದವರಲ್ಲಿ ಶೇ. 3. ಮಗುವೂ ಸಣ್ಣದು, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಇದ್ದ ಗುಂಪಿನಲ್ಲಿ ಶೇ. 20. ಐವತ್ತನೆಯ ವಯಸ್ಸಿನ ಎದೆನೋವಿನ ಒಂದು ಬೇರು ತಾಯಿಗೆ ಬಸುರಿನಲ್ಲಿ ಹೊಟ್ಟೆತುಂಬ ಊಟ ಸಿಕ್ಕಿತೇ ಇಲ್ಲವೇ ಎಂಬುದರಲ್ಲಿದೆ ಎಂದು ಮೈಸೂರಿನ ಹಳೆಯ ರಿಜಿಸ್ಟರುಗಳು ಹೇಳಿದವು.

ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಇದೇ ಬಗೆಯ ಸಂಬಂಧವನ್ನು ಮೊದಲೇ ತೋರಿಸಿದ್ದರು, ಮೈಸೂರಿನ ಅಧ್ಯಯನದಲ್ಲೂ ಅವರಿದ್ದರು. ಹೃದಯದ ವಿಷಯದಲ್ಲಿ ಎರಡೂ ಕಡೆಯ ಫಲ ಹೊಂದಿಕೊಂಡಿತು. ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದಾಗ ಹಾಗಾಗಲಿಲ್ಲ. ಇಂಗ್ಲೆಂಡಿನಲ್ಲಿ ಸಣಕಲಾಗಿ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಮೈಸೂರಿನಲ್ಲಿ, ಹುಟ್ಟುವಾಗ ಗಿಡ್ಡವಾಗಿದ್ದು ಆ ಉದ್ದಕ್ಕೆ ಮೈ ತುಂಬಿಕೊಂಡಿದ್ದವರಲ್ಲಿ ಹೆಚ್ಚು. ಒಂದು ಜನಸಮೂಹದಲ್ಲಿ ಕಂಡ ಮಾತನ್ನು ಇನ್ನೊಂದರ ಮೇಲೆ ಹೊರಿಸುವ ಮೊದಲು ಅಲ್ಲಿ ಹೋಗಿ ಎಣಿಸಬೇಕು ಎನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತಿಳಿದಿಲ್ಲ. ಮೈಸೂರಿನ ಲೆಕ್ಕಕ್ಕೂ ಅದರ ಮಿತಿ ಇದೆ. ಊರು ಬಿಟ್ಟು ಹೋದವರು, ಆಗಲೇ ತೀರಿಕೊಂಡವರು ಆ 517ರಲ್ಲಿಲ್ಲ.

ಇಲ್ಲದವರ ಈ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಆಸ್ಪತ್ರೆಯ ಅನುಭವ ನಮ್ಮನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಇಲ್ಲೇ. ಆಸ್ಪತ್ರೆಯ ಬಾಗಿಲು ಒಂದು ಜರಡಿ. ಒಳಗೆ ಬಿದ್ದದ್ದನ್ನು ನೋಡಿ ಹೊರಗಿನ ರಾಶಿಯನ್ನು ಊಹಿಸುವುದು ಅಪಾಯ. ಅಮೆರಿಕದ ಮೇಯೊ ಕ್ಲಿನಿಕ್‌ನ ಜೋಸೆಫ್ ಬರ್ಕ್‌ಸನ್ 1946ರಲ್ಲಿ ಸಕ್ಕರೆ ಕಾಯಿಲೆ ಮತ್ತು ಪಿತ್ತಕೋಶದ ಉರಿಯೂತವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಗಣಿತದಲ್ಲಿ ತೋರಿಸಿದರು. ಕಾಲ್ಪನಿಕ ಅಂಕಿಗಳಿಂದ ಅದನ್ನೇ ಹೇಳುತ್ತೇನೆ. ಒಂದು ಊರಿನಲ್ಲಿ ಸಾವಿರ ಮಂದಿ ಸಕ್ಕರೆ ಕಾಯಿಲೆಯವರಿದ್ದಾರೆ. ಪಿತ್ತಕೋಶದ ತೊಂದರೆ ಊರಿನಲ್ಲಿ ಎಲ್ಲರಲ್ಲೂ ಇರುವ ಹಾಗೆ ಇವರಲ್ಲೂ ಇಪ್ಪತ್ತರಲ್ಲಿ ಒಬ್ಬರಿಗೆ, ಅಂದರೆ 50 ಮಂದಿಗೆ ಇದೆ. ಎರಡು ಕಾಯಿಲೆಗೂ ಯಾವ ನಂಟೂ ಇಲ್ಲ. ಸಕ್ಕರೆಯ ಕಾರಣಕ್ಕೆ ನೂರರಲ್ಲಿ ಹತ್ತು ಮಂದಿ ಆಸ್ಪತ್ರೆಗೆ ಸೇರುತ್ತಾರೆ. ಪಿತ್ತಕೋಶದ ನೋವು ತಡೆಯಲಾರದ್ದು, ಅದಕ್ಕೆ ನೂರರಲ್ಲಿ ನಲವತ್ತು ಮಂದಿ ಸೇರುತ್ತಾರೆ ಎಂದಿಟ್ಟುಕೊಳ್ಳಿ. ಬರೀ ಸಕ್ಕರೆ ಇರುವ 950 ಮಂದಿಯಿಂದ 95 ಮಂದಿ ಒಳಗೆ ಬರುತ್ತಾರೆ. ಎರಡೂ ಇರುವ 50 ಮಂದಿಗೆ ಬರಲು ಎರಡು ಕಾರಣ, ಅವರಲ್ಲಿ 23 ಮಂದಿ ಬರುತ್ತಾರೆ. ವಾರ್ಡಿನಲ್ಲಿ ಈಗ 118 ಸಕ್ಕರೆ ರೋಗಿಗಳು, ಅವರಲ್ಲಿ 23 ಮಂದಿಗೆ ಪಿತ್ತಕೋಶದ ತೊಂದರೆ. ರೌಂಡ್ಸ್ ಮುಗಿಸಿದ ವೈದ್ಯರು ‘ಸಕ್ಕರೆ ಕಾಯಿಲೆಯವರಲ್ಲಿ ಐದಕ್ಕೊಬ್ಬರಿಗೆ ಪಿತ್ತಕೋಶ ಕೆಟ್ಟಿರುತ್ತದೆ’ ಎನ್ನುತ್ತಾರೆ. ಅವರು ಕಣ್ಣಾರೆ ಕಂಡದ್ದು ನಿಜ. ಊರಿನಲ್ಲಿ ಇರುವುದು ಮಾತ್ರ ಇಪ್ಪತ್ತಕ್ಕೊಬ್ಬರು.

ಕೋವಿಡ್ ಲಸಿಕೆ ಮತ್ತು ಹಠಾತ್ ಸಾವಿನ ಪ್ರಶ್ನೆಗೆ ಉತ್ತರ ಹುಡುಕಿದವರು ಈ ಜರಡಿಯನ್ನು ದಾಟಲು ಪ್ರಯತ್ನಪಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ 19 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳ ಮೂಲಕ ಅಧ್ಯಯನ ನಡೆಸಿತು. 18ರಿಂದ 45 ವರ್ಷದೊಳಗಿನ, ಮೇಲುನೋಟಕ್ಕೆ ಆರೋಗ್ಯವಾಗಿದ್ದು ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡ 729 ಮಂದಿ ಒಂದು ಸಾಲು. ಅದೇ ವಯಸ್ಸಿನ, ಅದೇ ಲಿಂಗದ, ಅದೇ ನೆರೆಹೊರೆಯ 2,916 ಮಂದಿ ಇನ್ನೊಂದು ಸಾಲು. ನೆರೆಹೊರೆಯವರು ಎಂಬುದನ್ನು ಗಮನಿಸಿ: ಆ ಸಾಲನ್ನು ವಾರ್ಡಿನ ಹಾಸಿಗೆಗಳಿಂದ ತರಲಿಲ್ಲ, ಅದೇ ಬೀದಿಯ ಮನೆಗಳಿಂದ ತಂದರು. ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಆಗಿರುವುದು, ಸಾವಿನ ಹಿಂದಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದದ್ದು ಅಥವಾ ಅತಿಯಾಗಿ ದೇಹ ದಂಡಿಸಿದ್ದು ಸತ್ತವರ ಸಾಲಿನಲ್ಲಿ ಹೆಚ್ಚು ಕಂಡಿತು. ಎರಡು ಡೋಸ್ ಲಸಿಕೆ ಬದುಕಿರುವವರ ಸಾಲಿನಲ್ಲಿ ಹೆಚ್ಚು ಕಂಡಿತು. ಲಸಿಕೆ ಸಾವನ್ನು ತಡೆಯಿತು ಎಂದು ಇದರಿಂದ ಕುಣಿಯುವುದಕ್ಕೂ ನಾನು ಹೇಳುವುದಿಲ್ಲ. ಮೊದಲಿನಿಂದ ಆರೋಗ್ಯದ ಕಾಳಜಿ ಇದ್ದವರೇ ಎರಡೂ ಡೋಸ್ ತಪ್ಪದೆ ಹಾಕಿಸಿಕೊಂಡಿರಬಹುದು. ಲಸಿಕೆಯಿಂದ ಯುವಕರು ಸಾಯುತ್ತಿದ್ದಾರೆ ಎಂಬ ಮಾತಿಗೆ ಮಾತ್ರ ಅಲ್ಲಿ ಯಾವ ಆಸರೆಯೂ ಇಲ್ಲ. ಹಾಸನದ ಸುದ್ದಿಗೆ ಒಂದೂವರೆ ವರ್ಷ ಮೊದಲೇ ಈ ಫಲಿತಾಂಶ ಪ್ರಕಟವಾಗಿತ್ತು. ಅದು ಕನ್ನಡದಲ್ಲಿ ಜನರ ಕಿವಿಗೆ ಸಮಯಕ್ಕೆ ಸರಿಯಾಗಿ ಬೀಳಲಿಲ್ಲವಲ್ಲ ಎಂಬ ಸಂಕಟ ನನಗಿದೆ.

ಇನ್ನು ಹೆಂಗಸರ ಹೃದಯದ ಮಾತು. ಐವತ್ತೈದರ ಒಬ್ಬ ಹೆಣ್ಣುಮಗಳು ಬೆಳಗಿನಿಂದ ಸುಸ್ತು, ಮೈಯೆಲ್ಲ ಬೆವರು, ಹೊಟ್ಟೆಯ ಮೇಲ್ಭಾಗದಲ್ಲಿ ಏನೋ ಸಂಕಟ ಎನ್ನುತ್ತಾರೆ. ಮನೆಯವರು ‘ಗ್ಯಾಸ್ಟ್ರಿಕ್ ಇರಬೇಕು, ಒಂದು ಸೋಡಾ ಕುಡಿ’ ಎನ್ನುತ್ತಾರೆ. ಅವರೂ ಹಾಗೇ ಅಂದುಕೊಂಡು ರಾತ್ರಿಯ ಅಡುಗೆಯನ್ನೂ ಮುಗಿಸುತ್ತಾರೆ. ಪಠ್ಯಪುಸ್ತಕದಲ್ಲಿ ಹೃದಯಾಘಾತ ಎಂದರೆ ಎದೆ ಹಿಂಡುವ ನೋವು, ಎಡಗೈಗೆ ಇಳಿಯುವ ನೋವು. ಅಮೆರಿಕದ ಒಂದು ರಾಷ್ಟ್ರೀಯ ದಾಖಲೆಯಲ್ಲಿ 1994ರಿಂದ 2006ರವರೆಗಿನ ಹನ್ನೊಂದು ಲಕ್ಷಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ಲೆಕ್ಕವಿದೆ. 2012ರಲ್ಲಿ ಅದರ ವಿಶ್ಲೇಷಣೆ ಪ್ರಕಟವಾಯಿತು. ಎದೆನೋವೇ ಇಲ್ಲದೆ ಬಂದವರು ಹೆಂಗಸರಲ್ಲಿ ಶೇ. 42, ಗಂಡಸರಲ್ಲಿ ಶೇ. 30.7. ಆಸ್ಪತ್ರೆಯಲ್ಲೇ ತೀರಿಕೊಂಡವರು ಹೆಂಗಸರಲ್ಲಿ ಶೇ. 14.6, ಗಂಡಸರಲ್ಲಿ ಶೇ. 10.3.

‘ಹೆಂಗಸರಿಗೆ ಹೃದಯಾಘಾತವಾದರೆ ಎದೆನೋವು ಬರುವುದಿಲ್ಲ’ ಎಂದು ವಾಟ್ಸಾಪ್‌ನಲ್ಲಿ ಹರಿದಾಡುವ ಮಾತು ಈ ಅಂಕಿಯ ತಿರುಚು. ನೂರರಲ್ಲಿ 58 ಹೆಂಗಸರಿಗೆ ಎದೆನೋವು ಇತ್ತು! ಹೆಂಗಸರಲ್ಲೂ ಅತಿ ಸಾಮಾನ್ಯ ಲಕ್ಷಣ ಎದೆನೋವೇ. ಇನ್ನೊಂದು ಸೂಕ್ಷ್ಮ: ಆ ದಾಖಲೆಯ ಹೆಂಗಸರ ಸರಾಸರಿ ವಯಸ್ಸು 74, ಗಂಡಸರದು 67. ವಯಸ್ಸಾದಂತೆ ಎದೆನೋವಿಲ್ಲದ ಹೃದಯಾಘಾತ ಗಂಡಸರಲ್ಲೂ ಹೆಚ್ಚುತ್ತದೆ. ಹಾಗಾದರೆ 42ಕ್ಕೂ 30.7ಕ್ಕೂ ನಡುವಿನ ಅಂತರ ಹೆಣ್ಣು, ಗಂಡಿನದೋ, ವಯಸ್ಸಿನದೋ? ಉತ್ತರ ಬೇಕಾದರೆ ಒಂದೇ ವಯಸ್ಸಿನ ಹೆಣ್ಣು, ಗಂಡುಗಳನ್ನು ಅಕ್ಕಪಕ್ಕ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದಾಗ ಚಿಕ್ಕ ವಯಸ್ಸಿನವರಲ್ಲಿ ಅಂತರ ಉಳಿಯಿತು, ವಯಸ್ಸು ಹೆಚ್ಚಿದಂತೆ ಅದು ಕಿರಿದಾಗುತ್ತ ಹೋಯಿತು. ಅಂದರೆ ನಾವು ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು ‘ಇವಳಿಗೆ ಇನ್ನೂ ನಲವತ್ತು, ಇವಳಿಗೆಲ್ಲಿ ಹಾರ್ಟ್ ಅಟ್ಯಾಕ್’ ಎಂದು ನಾವು ಕಡೆಗಣಿಸುವ ಹೆಣ್ಣುಮಗಳನ್ನು. ಒಟ್ಟು ಸರಾಸರಿಯಲ್ಲಿ ಅವಳು ಕಾಣಿಸುವುದೇ ಇಲ್ಲ.

ಗುಂಪಿನ ಹೆಸರೇ ಕಾರಣ ಎಂದು ನಂಬುವುದು ಎಷ್ಟು ಸುಲಭ ಎಂಬುದಕ್ಕೆ ಇನ್ನೊಂದು ನಿದರ್ಶನ. ‘ಭಾರತೀಯರ ರಕ್ತದಲ್ಲೇ ಹೃದ್ರೋಗವಿದೆ’ ಎಂಬ ಮಾತನ್ನು ನೀವೂ ಕೇಳಿರಬೇಕು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53, ಉಳಿದ ದೇಶದವರಿಗೆ 58.8. ಸುಮಾರು ಆರು ವರ್ಷ ಮೊದಲು. ಆದರೆ ಹೊಗೆಸೊಪ್ಪು, ರಕ್ತದ ಕೊಬ್ಬು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸೊಂಟದ ಕೊಬ್ಬು ಮೊದಲಾದ ಒಂಬತ್ತು ಅಂಶಗಳನ್ನು ಎರಡೂ ಕಡೆ ಸರಿದೂಗಿಸಿ ನೋಡಿದಾಗ ಚಿಕ್ಕ ವಯಸ್ಸಿನಲ್ಲೇ ಬರುವ ಈ ವಿಶೇಷ ಹೆಚ್ಚುಕಡಿಮೆ ಕರಗಿಹೋಯಿತು. ಹಣೆಬರಹ ಎಂದುಕೊಂಡದ್ದರ ಬಹುಪಾಲು ಬದಲಿಸಬಹುದಾದ ಅಂಶಗಳಲ್ಲಿತ್ತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠೋರವಾದ ಹೋಲಿಕೆ 2008ರದು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ‘ಕ್ರಿಯೇಟ್’ ಎಂಬ ಹೆಸರಿನಲ್ಲಿ ದೇಶದ 50 ನಗರಗಳ 89 ಆಸ್ಪತ್ರೆಗಳಿಂದ 20,468 ಹೃದಯಾಘಾತದ ರೋಗಿಗಳ ವಿವರ ಕೂಡಿಸಿದರು. ಮೂವತ್ತು ದಿನಗಳೊಳಗೆ ತೀರಿಕೊಂಡವರು ಬಡವರಲ್ಲಿ ಶೇ. 8.2, ಸಿರಿವಂತರಲ್ಲಿ ಶೇ. 5.5. ಬಡವರ ಮೈಯಲ್ಲೇ ಏನೋ ಕೊರತೆ ಇದೆ ಎಂದು ಇದನ್ನು ಓದಬಹುದಿತ್ತು. ಸಂಶೋಧಕರು ಇನ್ನೊಂದು ಹೆಜ್ಜೆ ಇಟ್ಟರು: ಸಿಕ್ಕ ಚಿಕಿತ್ಸೆಯನ್ನು ಸರಿದೂಗಿಸಿ ಲೆಕ್ಕ ಹಾಕಿದರು. ಅಂತರ ಅಳಿಸಿಹೋಯಿತು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್, ಸ್ಟೆಂಟ್, ದಿನನಿತ್ಯದ ಮಾತ್ರೆಗಳು ಒಬ್ಬರಿಗೆ ಸಿಕ್ಕಷ್ಟು ಇನ್ನೊಬ್ಬರಿಗೆ ಸಿಕ್ಕಿರಲಿಲ್ಲ. ದೊಡ್ಡ ಬಗೆಯ ಹೃದಯಾಘಾತವಾದವರು ಆಸ್ಪತ್ರೆ ತಲುಪಲು ತೆಗೆದುಕೊಂಡ ಮಧ್ಯಮ ಸಮಯ 300 ನಿಮಿಷ ಎಂಬುದೂ ಅದೇ ವರದಿಯಲ್ಲಿದೆ. ಐದು ಗಂಟೆ! ಹೃದಯದ ಸ್ನಾಯು ಅಷ್ಟು ಹೊತ್ತು ಕಾಯುವುದಿಲ್ಲ.

ಇಂದು ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸುವ, ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಅಲ್ಲೇ ಕೊಡುವ ವ್ಯವಸ್ಥೆ ಬಂದಿದೆ. ಹೃದಯ ತುಂಬಿ ಸ್ವಾಗತಿಸಬೇಕಾದ ಕೆಲಸ. ಇದರಿಂದ ಎಷ್ಟು ಜೀವ ಉಳಿಯುತ್ತಿದೆ ಎಂದು ತಿಳಿಯಲು ಇಂಜೆಕ್ಷನ್ ಪಡೆದವರ ಪಟ್ಟಿಯೊಂದೇ ಸಾಲದು. ಯೋಜನೆ ತಲುಪುವ ಮೊದಲು ಅದೇ ತಾಲ್ಲೂಕಿನಲ್ಲಿ ಏನಾಗುತ್ತಿತ್ತು ಎಂಬ ಸಾಲು ಬೇಕು, ದಾರಿಯಲ್ಲೇ ತೀರಿಕೊಂಡವರ ಸಾಲು ಬೇಕು, ಮನೆಯಲ್ಲೇ ಉಳಿದವರ ಸಾಲೂ ಬೇಕು.

ಇಲ್ಲಿ ಕೂತಿರುವ ಯುವ ವೈದ್ಯರಲ್ಲಿ, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸುಸ್ತು, ಬೆವರು, ಹೊಟ್ಟೆಯ ಸಂಕಟ ಎಂದು ಬಂದು ಇಸಿಜಿ ತೆಗೆಸಿಕೊಂಡ ಪ್ರತಿಯೊಬ್ಬರನ್ನೂ ಬರೆದುಕೊಳ್ಳಿ: ವಯಸ್ಸು, ಹೆಣ್ಣೋ ಗಂಡೋ, ಏನು ಕೆಲಸ, ಬೀಡಿ, ಸಕ್ಕರೆ, ನೋವು ಶುರುವಾದ ಗಂಟೆ, ಬಾಗಿಲಿಗೆ ಬಂದ ಗಂಟೆ, ಬಂದ ಕೂಡಲೇ ಅವರ ಬಾಯಿಂದ ಬಂದ ಮೊದಲ ಮಾತು. ಆ ಮಾತನ್ನು ಅವರು ಆಡಿದ ಹಾಗೇ ಬರೆಯಿರಿ, ಅದನ್ನು ‘ಎದೆನೋವು’ ಎಂದು ತಿದ್ದಬೇಡಿ. ಇಂಜೆಕ್ಷನ್ ಕೊಟ್ಟು ಮೈಸೂರಿಗೋ ಬೆಂಗಳೂರಿಗೋ ಕಳಿಸಿದವರ ವಿವರ ಹೇಗೂ ಸರ್ಕಾರದ ದಾಖಲೆಯಲ್ಲಿ ಸಿಗುತ್ತದೆ. ‘ಗ್ಯಾಸ್ಟ್ರಿಕ್, ಏನೂ ಇಲ್ಲ’ ಎಂದು ಮಾತ್ರೆ ಕೊಟ್ಟು ಮನೆಗೆ ಕಳಿಸಿದವರ ಫೋನ್ ನಂಬರನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ, ಮೂವತ್ತನೆಯ ದಿನ ಕರೆ ಮಾಡಿ ಹೇಗಿದ್ದೀರಿ ಎಂದು ಕೇಳಿ. ಅವರಲ್ಲಿ ಹೆಂಗಸರೆಷ್ಟು, ನಲವತ್ತರ ಒಳಗಿನವರೆಷ್ಟು, ಕೂಲಿಯವರೆಷ್ಟು, ಫೋನಿಗೆ ಬೇರೆಯವರು ಉತ್ತರ ಕೊಟ್ಟ ಮನೆಗಳೆಷ್ಟು ಎಂದು ಎಣಿಸಿ, ಉಳಿದವರ ಪಕ್ಕದಲ್ಲಿ ಇಟ್ಟು ನೋಡಿ. ಈ ಕೆಲಸಕ್ಕೆ ದೊಡ್ಡ ಅನುದಾನ ಬೇಡ, ಒಂದು ನೋಟ್‌ಬುಕ್ ಮತ್ತು ಒಂದು ಫೋನ್ ಸಾಕು. ಕೆಲಸ ಶುರು ಮಾಡುವವರು ನನಗೆ ತಿಳಿಸಿ. ಕೋಷ್ಟಕ ಹಾಕಲು ನಾನು ಜೊತೆಗೆ ಕೂರುತ್ತೇನೆ.